ಕಡಲೂರಿನ ಅಡುಗೆಮನೆಯಲ್ಲಿ ಖಾರಾ ಬನ್ನು



ಸ್ಟೀಲ್ ಪ್ಲಾಂಟು, ಬಂದರು, ನೌಕಾಪಡೆ, ರಿಫೈನರಿ ಅಂತ ಕೆಲಸದ ಮೇಲೆ ವಿಶಾಖಪಟ್ಟಣಕ್ಕೆ ಬಂದು ನೆಲೆಸಿದ ಕನ್ನಡದವರ ಮನೆಗೆ ಹೋಗಿ ನೋಡಿ. ಮಾತು ಎಲ್ಲಿ ಶುರುವಾದರೂ ಸುತ್ತಿ ಬಳಸಿ ತಿಂಡಿಗೇ ಬಂದು ನಿಲ್ಲುತ್ತದೆ. ಮುದ್ದೆ, ಬಿಸಿಬೇಳೆಭಾತು, ಚಿತ್ರಾನ್ನ ಎಲ್ಲವೂ ಇಲ್ಲಿಯ ಒಲೆಯ ಮೇಲೂ ಆಗುತ್ತವೆ. ಕೊರತೆ ಕಾಣುವುದು ಸಂಜೆ ಕಾಫಿಯ ಹೊತ್ತಿಗೆ. ಬೀದಿ ಕೊನೆಯ ಅಯ್ಯಂಗಾರ್ ಬೇಕರಿಯಿಂದ ಪೇಪರಿನಲ್ಲಿ ಸುತ್ತಿಸಿಕೊಂಡು ತರುತ್ತಿದ್ದ ಖಾರಾ ಬನ್ನು, ದಿಲ್ ಪಸಂದು ನೆನಪಾಗುವುದು ಆಗಲೇ.

ಮನೆಯಲ್ಲೇ ಮಾಡೋಣ ಅಂತ ಹೊರಟವರದ್ದು ಬಹುತೇಕ ಒಂದೇ ದೂರು. "ಊರಲ್ಲಿ ಚೆನ್ನಾಗಿ ಬರುತ್ತಿತ್ತು, ಇಲ್ಲಿ ಹಿಟ್ಟು ಉಬ್ಬಿ ಕುಸಿಯುತ್ತೆ, ಹುಳಿ ವಾಸನೆ ಬರುತ್ತೆ." ಎರಡು ಸಲ ಹೀಗಾದರೆ ಮೂರನೇ ಸಲ ಯಾರೂ ಕೈ ಹಾಕುವುದಿಲ್ಲ. ಆಫೀಸು, ಮಕ್ಕಳ ಸ್ಕೂಲು, ಮನೆಗೆಲಸದ ನಡುವೆ ಕದ್ದು ಮಾಡಿಕೊಂಡ ಎರಡು ಗಂಟೆ ಹೀಗೆ ಹಾಳಾದರೆ ಯಾರಿಗೆ ತಾನೇ ಬೇಜಾರಾಗುವುದಿಲ್ಲ? ಆದರೆ ಇದರಲ್ಲಿ ನಿಮ್ಮ ಕೈಗುಣದ ತಪ್ಪೇನಿಲ್ಲ. ನಿಮ್ಮ ರೆಸಿಪಿ ಬೆಂಗಳೂರಿನದು, ಹವೆ ಭೀಮುನಿಪಟ್ಟಣದ್ದು. ತೊಡಕು ಅಷ್ಟೇ.

ಅಯ್ಯಂಗಾರ್ ಬೇಕರಿಯ ಬೇರು ಹಾಸನದ ಕಡೆಯದು. ಎಚ್.ಎಸ್. ತಿರುಮಲಾಚಾರ್ ಅವರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ 'ಬೆಂಗಳೂರು ಬ್ರದರ್ಸ್', ಅಂದರೆ ಬಿ.ಬಿ. ಬೇಕರಿ ತೆರೆದದ್ದು 1898ರಲ್ಲಿ. ಮೊಟ್ಟೆ ಇಲ್ಲದ ಬ್ರೆಡ್ಡು, ಬನ್ನು, ಕೇಕು ಅಲ್ಲಿಂದ ಮುಂದೆ ಊರೂರಿಗೆ ಹಬ್ಬಿದವು. ಆ ತಿಂಡಿಗಳ ಅಳತೆ, ಹೊತ್ತು ಎಲ್ಲ ಹದಗೊಂಡದ್ದು ಸಮುದ್ರದಿಂದ ಸುಮಾರು 900 ಮೀಟರ್ ಎತ್ತರದ ತಂಪು ಊರಿನಲ್ಲಿ. ಇನ್ನು ಭೀಮುನಿಪಟ್ಟಣ, ಬಾಯಿಮಾತಿನಲ್ಲಿ ಭೀಮಿಲಿ, ಗೋಸ್ತನಿ ನದಿ ಕಡಲು ಸೇರುವ ಊರು. ಹದಿನೇಳನೇ ಶತಮಾನದಲ್ಲಿ ಡಚ್ಚರು ಬಂದು ವ್ಯಾಪಾರ ನಡೆಸಿದ ಜಾಗ. ಅವರ ಹಳೆಯ ಸಮಾಧಿಗಳು ಇವತ್ತಿಗೂ ಇವೆ. (ಬ್ರೆಡ್ಡು ತಿನ್ನುವ ಜನರೇ ಆದರೂ ನಮ್ಮ ಖಾರಾ ಬನ್ನಿಗೂ ಅವರಿಗೂ ಯಾವ ನಂಟೂ ಇಲ್ಲ ಬಿಡಿ!) ಇಲ್ಲಿ ಗಾಳಿಯಲ್ಲೇ ನೀರಿದೆ. ಉಪ್ಪಿನ ಡಬ್ಬಿ ಎರಡು ದಿನದಲ್ಲಿ ಒದ್ದೆಯಾಗುವ ಊರಿನಲ್ಲಿ ಮೈದಾ ಮಾತ್ರ ಒಣಗಿರುತ್ತದೆಯೇ?

ಅದೇ ಮೊದಲ ಸಂಗತಿ. ಮೈದಾ ಗಾಳಿಯ ತೇವವನ್ನು ಹೀರಿಕೊಂಡಿರುತ್ತದೆ. ಪುಸ್ತಕದಲ್ಲಿ ಹೇಳಿದಷ್ಟು ನೀರು ಸುರಿದರೆ ಹಿಟ್ಟು ಕೈಗೆ ಅಂಟುತ್ತದೆ. ಆಗ ನಾವು ಏನು ಮಾಡುತ್ತೇವೆ? ಮೇಲೆ ಮೇಲೆ ಮೈದಾ ಉದುರಿಸುತ್ತೇವೆ, ಬನ್ನು ಗಟ್ಟಿಯಾಗುತ್ತದೆ. ಅದರ ಬದಲು ಹೇಳಿದ ನೀರಿನಲ್ಲಿ ಎರಡು ಮೂರು ದೊಡ್ಡ ಚಮಚ ಎತ್ತಿಟ್ಟು ನಾದಲು ಶುರುಮಾಡಿ, ಬೇಕಾದರೆ ಮಾತ್ರ ಸೇರಿಸಿ.

ಎರಡನೆಯದು ಈಸ್ಟು, ಮತ್ತು ಮುಖ್ಯವಾದದ್ದೂ ಇದೇ. ಈಸ್ಟು ಜೀವಂತ ವಸ್ತು. ಹಿಟ್ಟಿನಲ್ಲಿರುವ ಸಕ್ಕರೆ ತಿಂದು ಗಾಳಿ ಬಿಡುತ್ತದೆ, ಆ ಗಾಳಿಯೇ ಬನ್ನನ್ನು ಉಬ್ಬಿಸುವುದು. ಸೆಖೆ ಹೆಚ್ಚಿದಷ್ಟೂ ಅದರ ಕೆಲಸ ಚುರುಕು. ಎಂಟು ಹತ್ತು ಡಿಗ್ರಿ ಏರಿದರೆ ವೇಗ ಹೆಚ್ಚುಕಡಿಮೆ ಇಮ್ಮಡಿ ಅಂದುಕೊಳ್ಳಿ. ಬೆಂಗಳೂರಿನ 24 ಡಿಗ್ರಿಯ ಅಡುಗೆಮನೆಯಲ್ಲಿ ಒಂದೂವರೆ ಗಂಟೆ ಬೇಕಾದ ಹಿಟ್ಟಿಗೆ ಇಲ್ಲಿ ಮೇ ತಿಂಗಳಲ್ಲಿ ಮುಕ್ಕಾಲು ಗಂಟೆ ಸಾಕು. ಗಡಿಯಾರ ನೋಡಿಕೊಂಡು ಒಂದೂವರೆ ಗಂಟೆಯೇ ಬಿಟ್ಟರೆ ಹಿಟ್ಟು ಹದ ಮೀರುತ್ತದೆ, ಹುಳಿಯಾಗುತ್ತದೆ, ಒಳಗಿನ ಜಾಲ ಹರಿದು ಕುಸಿಯುತ್ತದೆ. ಗಡಿಯಾರ ಬಿಡಿ, ಹಿಟ್ಟನ್ನು ನೋಡಿ. ಬೆರಳನ್ನು ಒದ್ದೆ ಮಾಡಿ ಮೆಲ್ಲಗೆ ಒತ್ತಿ. ಕುಳಿ ಥಟ್ಟನೆ ಮುಚ್ಚಿದರೆ ಇನ್ನೂ ಆಗಿಲ್ಲ. ನಿಧಾನವಾಗಿ, ಅರ್ಧ ಮುಚ್ಚಿದರೆ ಸರಿಯಾದ ಹದ. ಮುಚ್ಚದೆ ಹಾಗೇ ಉಳಿದರೆ ಹೊತ್ತು ಮೀರಿದೆ ಅಂತಲೇ. ಹೊತ್ತು ಮೀರಿದ ಹಿಟ್ಟನ್ನೂ ಚೆಲ್ಲಬೇಡಿ, ತೆಳುವಾಗಿ ಲಟ್ಟಿಸಿ ತವೆಯ ಮೇಲೆ ಕುಲ್ಚಾದಂತೆ ಬೇಯಿಸಿ.

ಇನ್ನೊಂದು ವಿಷಯ, ನಲ್ಲಿ ನೀರು. ಬೇಸಿಗೆಯ ಮಧ್ಯಾಹ್ನ ತಾರಸಿಯ ಟ್ಯಾಂಕಿನಿಂದ ಬರುವ ನೀರು ಕೈ ಸುಡುವಂತಿರುತ್ತದೆ. "ಉಗುರುಬೆಚ್ಚಗಿನ ನೀರು" ಅಂತ ರೆಸಿಪಿ ಹೇಳಿದರೂ ಇಲ್ಲಿ ಬೇಸಿಗೆಯಲ್ಲಿ ಹೂಜಿಯ ನೀರೋ ಫ್ರಿಜ್ಜಿನ ನೀರೋ ಹಾಕುವುದೇ ಒಳ್ಳೆಯದು.

ಪುರುಸೊತ್ತಿಲ್ಲದವರಿಗೆ ಈ ಸೆಖೆಯ ಊರಿನಲ್ಲಿ ನಿಜವಾದ ನೆಂಟ ಅಂದರೆ ಫ್ರಿಜ್ಜು. ರಾತ್ರಿ ಊಟದ ಪಾತ್ರೆ ಎತ್ತಿಟ್ಟ ಮೇಲೆ 400 ಗ್ರಾಂ ಮೈದಾ, ಒಂದು ಟೀ ಚಮಚ ಇನ್‌ಸ್ಟಂಟ್ ಈಸ್ಟು (ಬೆಂಗಳೂರಿನ ರೆಸಿಪಿಗಳು ಎರಡು ಹೇಳುತ್ತವೆ, ಇಲ್ಲಿ ಒಂದೇ ಸಾಕು), ಎರಡು ದೊಡ್ಡ ಚಮಚ ಸಕ್ಕರೆ, ಒಂದೂವರೆ ಟೀ ಚಮಚ ಪುಡಿಯುಪ್ಪು, ಮೂರು ದೊಡ್ಡ ಚಮಚ ಎಣ್ಣೆ ಹಾಕಿ. ಹಾಲು ನೀರು ಸೇರಿ 240 ಮಿ.ಲೀ. ಅಳೆದುಕೊಂಡು, ಸ್ವಲ್ಪ ಎತ್ತಿಟ್ಟು, ಹತ್ತು ನಿಮಿಷ ಚೆನ್ನಾಗಿ ನಾದಿ. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವನ್ನು ಸಣ್ಣಗೆ ಹೆಚ್ಚಿ ಒಂದು ಚಮಚ ಎಣ್ಣೆಯಲ್ಲಿ ನೀರಾರುವವರೆಗೆ ಹುರಿದು, ಪೂರ್ತಿ ಆರಿಸಿ, ಕೊತ್ತಂಬರಿ ಸೊಪ್ಪಿನ ಜೊತೆ ಹಿಟ್ಟಿಗೆ ಸೇರಿಸಿ. ಹಸಿ ಈರುಳ್ಳಿಯನ್ನೇ ಹಾಕಿದರೆ ಉಪ್ಪು ತಗುಲಿ ನೀರು ಬಿಟ್ಟು ಹಿಟ್ಟು ರಾಡಿಯಾಗುತ್ತದೆ, ಅದಕ್ಕೇ ಹುರಿಯುವುದು. ಎಣ್ಣೆ ಸವರಿದ ದೊಡ್ಡ ಡಬ್ಬಿಗೆ ಹಾಕಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮಲಗಿಬಿಡಿ. ತಂಪಿನಲ್ಲಿ ಈಸ್ಟು ನಿಧಾನವಾಗಿ ರಾತ್ರಿಯೆಲ್ಲ ದುಡಿಯುತ್ತದೆ, ರುಚಿಯೂ ಕೂಡುತ್ತದೆ. ಮಾರನೇ ಸಂಜೆ ಕೆಲಸದಿಂದ ಬಂದು ಎಂಟು ಹತ್ತು ಉಂಡೆ ಮಾಡಿ ಇಟ್ಟು, ತಂಪು ಬಿಟ್ಟು ಚೆನ್ನಾಗಿ ಉಬ್ಬುವವರೆಗೆ ಕಾಯಿರಿ, ಬೆರಳಿನಿಂದ ಒತ್ತಿ ಹದ ನೋಡಿಕೊಳ್ಳಿ. ಮೇಲೆ ಹಾಲು ಸವರಿ ಓವನ್ನಿನಲ್ಲಿ 190 ಡಿಗ್ರಿಗೆ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಬೇಯಿಸಿ.

ವಿಜಯವಾಡದ ಕೇಳುಗರಿಗೆ ಒಂದು ಮಾತು. ಎರಡೂ ಆಂಧ್ರದ ಊರುಗಳೇ ಆದರೂ ನಿಮ್ಮ ಬೇಸಿಗೆಯ ಜಾತಿಯೇ ಬೇರೆ. ಕೃಷ್ಣೆಯ ದಡದಲ್ಲಿದ್ದರೂ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ದಾಟಿ ಒಣ ಬಿಸಿಗಾಳಿ ಬೀಸುತ್ತದೆ. ಅಲ್ಲಿ ಹಿಟ್ಟಿನ ಮೇಲೆ ಚರ್ಮದಂತೆ ಪೊರೆ ಕಟ್ಟಿ, ಉಬ್ಬಲಾರದೆ ಬಿರಿಯುತ್ತದೆ. ಒದ್ದೆ ಬಟ್ಟೆ ಹಿಂಡಿ ಹೊದಿಸಿ. ಭೀಮಿಲಿಯವರಿಗೆ ಒಣ ಬಟ್ಟೆಯೇ ಸಾಕು.

ಓವನ್ ಇಲ್ಲವೇ? ಚಿಂತೆ ಬೇಡ, ಹಳೆಯ ದಪ್ಪ ಕುಕ್ಕರ್ ಸಾಕು. ಆದರೆ ಇಲ್ಲಿ ಜಾಗ್ರತೆ ಬಹಳ ಮುಖ್ಯ. ಮುಚ್ಚಳದ ರಬ್ಬರ್ ರಿಂಗನ್ನೂ ವೆಯ್ಟನ್ನೂ ತೆಗೆದು ಪಕ್ಕಕ್ಕಿಡಿ. ಒಳಗೆ ನೀರು ಹಾಕಬಾರದು. ನಮಗೆ ಬೇಕಾದದ್ದು ಆವಿಯ ಒತ್ತಡವಲ್ಲ, ಒಣ ಶಾಖ. ತಳದಲ್ಲಿ ಒಂದು ಅಂಗುಲ ಅಗ್ಗದ ಕಲ್ಲುಪ್ಪು ಹರಡಿ, ಮೇಲೆ ಒಂದು ಸ್ಟ್ಯಾಂಡು ಅಥವಾ ಬೋರಲು ಹಾಕಿದ ತಟ್ಟೆ ಇಟ್ಟು, ಮುಚ್ಚಿ, ನಡು ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಉಪ್ಪು ಶಾಖವನ್ನು ಹಿಡಿದಿಟ್ಟು ಎಲ್ಲ ಕಡೆ ಸಮನಾಗಿ ಹಂಚುತ್ತದೆ, ತಳ ಸೀಯುವುದಿಲ್ಲ. ಆಮೇಲೆ ಬನ್ನಿನ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ ಮೂವತ್ತರಿಂದ ಮೂವತ್ತೈದು ನಿಮಿಷ. ದಿನಾ ಬಳಸುವ ಹೊಸ ಕುಕ್ಕರನ್ನು ಇದಕ್ಕೆ ಹಚ್ಚಬೇಡಿ, ನೀರಿಲ್ಲದೆ ಕಾದು ಕಾದು ಹಾಳಾಗುತ್ತದೆ. ನಾನ್‌ಸ್ಟಿಕ್ ಪಾತ್ರೆಯಂತೂ ಬೇಡವೇ ಬೇಡ, ಖಾಲಿ ಕಾಯಿಸಿದರೆ ಅದರ ಲೇಪದಿಂದ ಕೆಟ್ಟ ಹೊಗೆ ಏಳುತ್ತದೆ. ಹಾಗೆಯೇ, ಉಪ್ಪಿನ ಬದಲು ಮರಳು ಹಾಕಬಹುದು ಅಂತ ಓದಿ ಬೀಚಿನಿಂದ ಚೀಲದಲ್ಲಿ ಮರಳು ತರಬೇಡಿ. ಭೀಮಿಲಿ ದಂಡೆಯ ಮರಳಿನಲ್ಲಿ ಇಲ್ಮನೈಟು, ಗಾರ್ನೆಟ್ಟಿನಂಥ ಖನಿಜಗಳಿವೆ, ಕಪ್ಪೆಚಿಪ್ಪು ಕಸ ಬೇರೆ. ಪಕ್ಕದ ಎರ್ರ ಮಟ್ಟಿ ದಿಬ್ಬಲುವಿನ ಕೆಂಪು ಮಣ್ಣಂತೂ ರಕ್ಷಿತ ಭೂವೈಜ್ಞಾನಿಕ ಆಸ್ತಿ, ನೋಡಿ ಬನ್ನಿ, ಅಷ್ಟೇ ಸಾಕು.

ಕುಕ್ಕರಿನ ಬನ್ನು ಮೇಲೆ ಬೆಳ್ಳಗೇ ಉಳಿಯುತ್ತದೆ, ಮೇಲಿನಿಂದ ನೇರ ಶಾಖ ಇಲ್ಲವಲ್ಲ. ಅಡ್ಡಕ್ಕೆ ಸೀಳಿ, ಬೆಣ್ಣೆ ಸವರಿ, ತವೆಯ ಮೇಲೆ ಎರಡೂ ಕಡೆ ಕೆಂಪಗೆ ಸುಟ್ಟುಕೊಳ್ಳಿ. ನನ್ನನ್ನು ಕೇಳಿದರೆ ಓವನ್ನಿನದಕ್ಕಿಂತ ಇದೇ ರುಚಿ. ಬರೀ ಮೈಕ್ರೋವೇವಿನಲ್ಲಿ ಯಾಕೆ ಕೆಂಪಾಗುವುದಿಲ್ಲ ಅಂತ ಕೇಳುವವರಿದ್ದಾರೆ. ಮೈಕ್ರೋವೇವು ಬಿಸಿ ಮಾಡುವುದು ಮುಖ್ಯವಾಗಿ ಹಿಟ್ಟಿನೊಳಗಿನ ನೀರನ್ನು, ಅದು 100 ಡಿಗ್ರಿಯ ಆಚೀಚೆ ನಿಲ್ಲುತ್ತದೆ. ಕೆಂಪು ಬಣ್ಣ, ಆ ಘಮ ಬರಲು ಹೊರಮೈ 140 ಡಿಗ್ರಿಯಾದರೂ ಕಾಯಬೇಕು. ಅದಕ್ಕೆ ಕನ್ವೆಕ್ಷನ್ ಇರುವ ಓವನ್ನೇ ಆಗಬೇಕು.

ಕೇಕು ಮಾಡುವವರು ಅಂಗಡಿಯಲ್ಲಿ ಒಂದು ಎಚ್ಚರ ವಹಿಸಿ. ಇಲ್ಲಿ 'ವಂಟ ಸೋಡಾ' ಅಂದರೆ ನಮ್ಮ ಅಡುಗೆ ಸೋಡಾ, ಬೇಕಿಂಗ್ ಪೌಡರ್ ಅಲ್ಲ. ಸೋಡಾ ಕೆಲಸ ಮಾಡಲು ಮೊಸರು, ನಿಂಬೆರಸದಂಥ ಹುಳಿ ಬೇಕು. ಬೇಕಿಂಗ್ ಪೌಡರಿನಲ್ಲಿ ಆ ಹುಳಿ ಒಣ ರೂಪದಲ್ಲಿ ಮೊದಲೇ ಬೆರೆತಿರುತ್ತದೆ. ಸೋಡಾ ಸುಮಾರು ಮೂರು ಪಟ್ಟು ಜೋರು, ಅದಲು ಬದಲಾದರೆ ಕೇಕು ಸೋಪಿನ ರುಚಿ ಕೊಡುತ್ತದೆ. ಮತ್ತೆ ಈ ಊರಿನ ತೇವಕ್ಕೆ ಬೇಕಿಂಗ್ ಪೌಡರ್ ಡಬ್ಬಿಯಲ್ಲೇ ಸತ್ತುಹೋಗಿರುತ್ತದೆ. ಅರ್ಧ ಚಮಚ ತೆಗೆದು ಬಿಸಿನೀರಿಗೆ ಹಾಕಿ ನೋಡಿ, ಬುಸುಗುಟ್ಟದಿದ್ದರೆ ಕಸಕ್ಕೆ. ದೊಡ್ಡ ಡಬ್ಬಿ ಅಗ್ಗ ಅಂತ ಕೊಳ್ಳಬೇಡಿ, ಸಣ್ಣ ಪೊಟ್ಟಣವೇ ಲಾಭ.

ಮನೆಯ ಬೇಕಿಂಗಿಗೆ ಇನ್ನೊಂದು ಕಾರಣವೂ ಇದೆ. 2016ರ ಮೇ ತಿಂಗಳಲ್ಲಿ ದಿಲ್ಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ ಬ್ರೆಡ್ಡು, ಬನ್ನುಗಳ 38 ಮಾದರಿ ಪರೀಕ್ಷಿಸಿ, ಬಹುಪಾಲಿನಲ್ಲಿ ಪೊಟ್ಯಾಸಿಯಮ್ ಬ್ರೋಮೇಟು ಅಥವಾ ಅಯೋಡೇಟು ಇದೆ ಅಂದಾಗ ದೇಶವೇ ಬೆಚ್ಚಿತ್ತು. ಮರು ತಿಂಗಳೇ ಬ್ರೋಮೇಟನ್ನು ನಿಷೇಧಿಸಲಾಯಿತು. ಹಿಟ್ಟು ಬೇಗ ಬಲವಾಗಲಿ, ಚೆನ್ನಾಗಿ ಉಬ್ಬಲಿ ಅಂತ ಹಾಕುತ್ತಿದ್ದ ಪುಡಿ ಅದು. ರಾತ್ರಿಯಿಡೀ ಫ್ರಿಜ್ಜಿನಲ್ಲಿ ಹದವಾದ ಹಿಟ್ಟಿಗೆ ಅಂಥದ್ದೇನೂ ಬೇಕಾಗುವುದಿಲ್ಲ.

ಆದರೆ ಮನೆಯ ಬನ್ನಿಗೆ ಕೆಡದಂತೆ ಕಾಯುವ ಪುಡಿಯೂ ಇರುವುದಿಲ್ಲ ಅನ್ನುವುದು ನೆನಪಿರಲಿ. ಕರಾವಳಿಯಲ್ಲಿ ಎರಡನೇ ದಿನಕ್ಕೇ ಬೂಸ್ಟು ಹಿಡಿಯಬಹುದು. ಹಸಿರು ಚುಕ್ಕೆ ಕಂಡ ಜಾಗ ಮಾತ್ರ ಕಿತ್ತು ಉಳಿದದ್ದು ತಿನ್ನುವ ಅಭ್ಯಾಸ ಬಿಡಿ, ಅದರ ಎಳೆಗಳು ಮೆತ್ತಗಿನ ಬನ್ನಿನೊಳಗೆ ಕಣ್ಣಿಗೆ ಕಾಣದಂತೆ ಹರಿದಿರುತ್ತವೆ. ಮಕ್ಕಳಿಗಂತೂ ಕೊಡಲೇಬೇಡಿ. ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟರೆ ಬೂಸ್ಟು ತಡವಾಗುತ್ತದೆ ನಿಜ, ಬನ್ನು ಮಾತ್ರ ಬೇಗ ಗಟ್ಟಿಯಾಗುತ್ತದೆ. ಬೆಂದಾಗ ಸಡಿಲವಾಗಿದ್ದ ಪಿಷ್ಟ ಆ ತಂಪಿನಲ್ಲಿ ಮತ್ತೆ ಬಿಗಿಯುವುದೇ ಅದಕ್ಕೆ ಕಾರಣ. ಅವತ್ತು ತಿನ್ನುವಷ್ಟು ಇಟ್ಟುಕೊಂಡು ಉಳಿದದ್ದನ್ನು ಆರಿದ ಕೂಡಲೇ ಕವರಿನಲ್ಲಿ ಕಟ್ಟಿ ಫ್ರೀಜರಿಗೆ ಹಾಕಿ. ಬೇಕಾದಾಗ ಸೀದಾ ತವೆಗೆ. ದಿಲ್ ಪಸಂದಿಗೆ ಹಸಿ ತೆಂಗಿನಕಾಯಿ ಹಾಕಿದರೆ ಒಂದೇ ದಿನ ಬಾಳಿಕೆ, ಕೊಬ್ಬರಿ ತುರಿ ಹಾಕಿದರೆ ಸ್ವಲ್ಪ ನೆಮ್ಮದಿ.

ಬಿಸ್ಕತ್ತಿನದ್ದು ಇದರ ತದ್ವಿರುದ್ಧ, ಅದು ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ. ಇಲ್ಲಿ ರೈತು ಬಜಾರಿನಲ್ಲಿ ರಾಗಿಹಿಟ್ಟು ಬೇಕಾದರೆ 'ಚೋಡಿ ಪಿಂಡಿ' ಅಂತ ಕೇಳಿ, ಉತ್ತರಾಂಧ್ರದಲ್ಲಿ ರಾಗಿಗೆ ಅದೇ ಹೆಸರು. ಹುರಿದ ರಾಗಿಹಿಟ್ಟು, ಗೋಧಿಹಿಟ್ಟು, ಅನಕಾಪಲ್ಲಿ ಬೆಲ್ಲದ ಪುಡಿ ತಲಾ 100 ಗ್ರಾಂ, ತುಪ್ಪ 80 ಗ್ರಾಂ, ಅರ್ಧ ಟೀ ಚಮಚ ಬೇಕಿಂಗ್ ಪೌಡರ್, ಏಲಕ್ಕಿ, ಹಿಟ್ಟು ಕೂಡುವಷ್ಟು ಹಾಲು ಸೇರಿಸಿ. ತಟ್ಟಿ 170 ಡಿಗ್ರಿಯಲ್ಲಿ ಹದಿನೈದರಿಂದ ಹದಿನೆಂಟು ನಿಮಿಷ ಬೇಯಿಸಿ. ಓವನ್ನಿನಿಂದ ತೆಗೆದಾಗ ಮೆತ್ತಗಿರುತ್ತವೆ, ಆರಿದ ಮೇಲೆ ಗರಿಗರಿ. ಪೂರ್ತಿ ಆರುವ ಮೊದಲೇ ಡಬ್ಬಿಗೆ ತುಂಬಿದರೆ ಒಳಗೇ ಬೆವರುತ್ತವೆ. ಬೆಲ್ಲ ಸಕ್ಕರೆಗಿಂತ ಹೆಚ್ಚು ತೇವ ಎಳೆಯುವುದರಿಂದ ಮೂರನೇ ದಿನಕ್ಕೆ ಮತ್ತೆ ಮೆತ್ತಗಾದರೆ ಗಾಬರಿ ಬೇಡ, 120 ಡಿಗ್ರಿಯಲ್ಲಿ ಐದಾರು ನಿಮಿಷ ಕಾಯಿಸಿ ಆರಿಸಿದರೆ ಮೊದಲಿನಂತೆಯೇ ಕಟುಂ ಅನ್ನುತ್ತವೆ.