ಹಳೆಯ ಟ್ರ್ಯಾಕ್ಟರಿನ ಡೀಸೆಲ್ ಪಂಪು

ಕೃಷ್ಣೆ, ಘಟಪ್ರಭೆಗಳ ಆಶ್ರಯದಲ್ಲಿರುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಕಬ್ಬು ನುರಿಸುವ ಹಂಗಾಮು ಮೊದಲಾಯಿತೆಂದರೆ, ಹಗಲಿರುಳೆನ್ನದೆ ಕಾರ್ಖಾನೆಗಳತ್ತ ಸಾಲುಗಟ್ಟಿ ಸಾಗುವ ಟ್ರ್ಯಾಕ್ಟರುಗಳ ನಡುವೆ, ಬಣ್ಣ ಮಾಸಿ, ಬಾನೆಟ್ಟು ತುಕ್ಕುಹಿಡಿದು, ಮೂರು ನಾಲ್ಕು ದಶಕಗಳ ದುಡಿಮೆಯನ್ನು ಮೈಮೇಲೆ ಹೊತ್ತ ಯಂತ್ರವೊಂದು ರಸ್ತೆಯಂಚಿನಲ್ಲಿ ನಿಶ್ಚಲವಾಗಿ ನಿಂತಿರುವ ದೃಶ್ಯವು ಅಪೂರ್ವವೇನಲ್ಲ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ರೈತರು ತಮ್ಮ ಹಣ, ತಮ್ಮ ಬೆವರಿನಿಂದಲೇ ಚಿಕ್ಕಪಡಸಲಗಿಯ ಬ್ಯಾರೇಜನ್ನು ಕಟ್ಟಿಕೊಂಡ ನಾಡಿದು. ನೀರು ನಿಂತಲ್ಲಿ ಕಬ್ಬು ಬಂದಿತು, ಕಬ್ಬು ಬಂದಲ್ಲಿ ಟ್ರ್ಯಾಕ್ಟರು ಮನೆಯ ಎತ್ತಿನಷ್ಟೇ ಆಪ್ತವಾಯಿತು.

ಅಂತಹ ಆಪ್ತ ಯಂತ್ರವು ಏರಿನಲ್ಲಿ ಉಸಿರು ಕಟ್ಟಿ ನಿಂತಾಗ ಚಾಲಕನ ಬಾಯಿಂದ ಹೊರಡುವ ಮೊದಲ ಮಾತು “ಪಂಪ್ ಹೋಗೇತ್ರಿ” ಎಂಬುದು. ಈ ತೀರ್ಪನ್ನು ನಾನು ಸುಲಭವಾಗಿ ಒಪ್ಪಲಾರೆ. ಪಂಪು ಕೆಡುವುದೇ ಇಲ್ಲವೆಂದಲ್ಲ. ನಿರಪರಾಧಿಯಾದ ಪಂಪನ್ನು ಬಿಚ್ಚಿ ಪೇಟೆಗೆ ಒಯ್ದು, ನಿಜವಾದ ದೋಷವನ್ನು ಸವೆದ ತಾಮ್ರದ ವಾಷರಿನಲ್ಲಿಯೋ ಬಿರುಕುಬಿಟ್ಟ ರಬ್ಬರು ಪೈಪಿನಲ್ಲಿಯೋ ಹಾಗೆಯೇ ಉಳಿಸಿಕೊಂಡವರನ್ನು ನಾನು ಕಂಡಿರುವೆನು.

ಡೀಸೆಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಪಂಪುಗಳು ಎರಡು. ಟಾಕಿಯಿಂದ ಡೀಸೆಲನ್ನು ಎಳೆದು ಫಿಲ್ಟರಿನ ಮೂಲಕ ಮುಂದಕ್ಕೆ ನೂಕುವ ಸಣ್ಣ ಫೀಡ್ ಪಂಪು ಒಂದು. ಅದನ್ನು ಅಳೆದು, ಸಮಯವರಿತು, ನಾಜಲ್ಲುಗಳಿಗೆ ಒತ್ತುವ ದೊಡ್ಡ ಪಂಪು ಇನ್ನೊಂದು. ಈ ಎರಡನೆಯದನ್ನು ತಯಾರಿಸಿ ದೇಶಕ್ಕೆಲ್ಲ ಹೆಸರಾದ ಮೈಕೋ ಕಂಪನಿ 1951ರಲ್ಲಿ ಸ್ಥಾಪಿತವಾದದ್ದು ನಮ್ಮ ಬೆಂಗಳೂರಿನಲ್ಲಿಯೇ. ದೊಡ್ಡ ಪಂಪಿನೊಳಗೆ ಪ್ಲಂಜರಿಗೂ ಅದರ ಕೊಳವೆಗೂ ನಡುವಣ ಎಡೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಭಾಗ ಮಾತ್ರ. ಆದುದರಿಂದ ರಸ್ತೆಯ ಧೂಳಿನಲ್ಲಿ ಅದನ್ನು ಬಿಚ್ಚುವುದು ಕೈಯಾರೆ ಕೆಡಿಸಿದಂತೆಯೇ ಸರಿ. ಫೀಡ್ ಪಂಪಾದರೋ ಸರಳವಾದುದು: ಎಂಜಿನ್ನಿನ ಕ್ಯಾಮು ಒಂದು ತೋಳನ್ನು ಒತ್ತಿದಾಗ ಡಯಾಫ್ರಾಮ್ ಎಂಬ ಪೊರೆ ಕೆಳಗಿಳಿದು ಡೀಸೆಲನ್ನು ಒಳಗೆಳೆಯುತ್ತದೆ, ಸ್ಪ್ರಿಂಗು ಅದನ್ನು ಮೇಲೆತ್ತಿದಾಗ ಡೀಸೆಲು ಹೊರಡುತ್ತದೆ, ಹಿಂದಿರುಗದಂತೆ ಎರಡು ಪುಟ್ಟ ವಾಲ್ವುಗಳು ಕಾಯುತ್ತವೆ.

ಮುಧೋಳದ ರಸ್ತೆಯಲ್ಲಿ ಹಿಂದೊಮ್ಮೆ, ಎರಡು ಟ್ರೇಲರು ಕಬ್ಬು ಹೇರಿಕೊಂಡು ನಿಂತ ಟ್ರ್ಯಾಕ್ಟರಿನ ಬಳಿ, ಪಾನಾ ಹಿಡಿದು ದೊಡ್ಡ ಪಂಪಿಗೇ ಕೈಯಿಕ್ಕಿದ್ದ ತರುಣನನ್ನು ಹಿರಿಯರೊಬ್ಬರು ತಡೆದು, “ಅದಕ್ಕ ಕೈ ಹಚ್ಚಬ್ಯಾಡ ತಮ್ಮಾ, ಮೊದಲ ಟಾಕಿ ಮುಚ್ಚಳ ತಗದು ನೋಡು” ಎಂದರು. ಮುಚ್ಚಳ ಸಡಿಲಿದೊಡನೆ ಸುಂಯ್ ಎಂದು ಗಾಳಿ ಒಳನುಗ್ಗಿತು. ಮುಚ್ಚಳದ ಸೂಕ್ಷ್ಮ ರಂಧ್ರ ಎರೆಮಣ್ಣಿನಿಂದ ಮುಚ್ಚಿಹೋಗಿತ್ತು. ಗಾಳಿಯಾಡದ ಟಾಕಿಯಿಂದ ಯಾವ ಪಂಪು ತಾನೇ ಡೀಸೆಲನ್ನು ಎಳೆದೀತು? ಅನಂತರ ಅವರು ಫಿಲ್ಟರಿನ ಮೇಲಣ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ, ಫೀಡ್ ಪಂಪಿನ ಕೈಲಿವರನ್ನು ಹೆಬ್ಬೆರಳಿನಿಂದ ಒತ್ತತೊಡಗಿದರು. ಮೊದಲು ಬಿಳಿಯ ನೊರೆ ಬಂದಿತು, ಬಳಿಕ ಗುಳ್ಳೆಗಳು ಪಟಪಟನೆ ಒಡೆದವು, ಕೊನೆಗೆ ನೊರೆಯಿಲ್ಲದ ತಿಳಿಧಾರೆ ಹರಿಯಿತು. ಆ ಧಾರೆ ಹರಿಯುತ್ತಿರುವಾಗಲೇ ಸ್ಕ್ರೂವನ್ನು ಬಿಗಿದರು. ದೊಡ್ಡ ಪಂಪಿನ ಸ್ಕ್ರೂವಿಗೂ ಇದೇ ಉಪಚಾರ ನಡೆಯಿತು. ಏರ್ ತೆಗೆಯುವುದೆಂದು ನಮ್ಮ ಜನ ಹೇಳುವ ಕ್ರಿಯೆ ಇಷ್ಟೇ.

ಎಷ್ಟು ಒತ್ತಿದರೂ ಗುಳ್ಳೆಗಳು ತೀರದಿದ್ದರೆ, ಟಾಕಿಗೂ ಫೀಡ್ ಪಂಪಿಗೂ ನಡುವೆ ಎಲ್ಲಿಯೋ ಗಾಳಿ ಒಳಸೇರುತ್ತಿದೆಯೆಂದು ತಿಳಿಯಬೇಕು. ಈ ಭಾಗದಲ್ಲಿ ಪಂಪು ಹೀರುತ್ತಿರುವುದರಿಂದ ಡೀಸೆಲು ಹೊರಗೆ ತೊಟ್ಟಿಕ್ಕದೆಯೂ ಗಾಳಿ ಒಳಗೆ ಹೋಗಬಲ್ಲುದು; ಪೈಪು ಒಣಗಿದೆ, ಆದುದರಿಂದ ಸೋರಿಕೆಯಿಲ್ಲ ಎಂಬ ತರ್ಕ ಅನೇಕರನ್ನು ದಾರಿತಪ್ಪಿಸಿದೆ. ಶುಚಿಯಾದ ಡಬ್ಬಿಯಲ್ಲಿ ಡೀಸೆಲು ತುಂಬಿ, ಹೊಸ ಪೈಪಿನಿಂದ ನೇರವಾಗಿ ಫೀಡ್ ಪಂಪಿಗೆ ಕೊಟ್ಟು ನೋಡಿರಿ: ಎಂಜಿನ್ನು ನೆಟ್ಟಗೆ ಓಡಿದರೆ ದೋಷ ಹಿಂದೆ, ಟಾಕಿಯ ಕಡೆಗಿದೆ.

ಇಷ್ಟಾದ ಮೇಲೆಯೇ ಪಂಪಿನ ವಿಚಾರಣೆ. ಕೈಲಿವರು ಸಡಿಲಾಗಿ ಆಡಿದರೆ ಪಂಪು ಸತ್ತಿತೆನ್ನಬೇಡಿರಿ. ಕ್ಯಾಮಿನ ಉಬ್ಬು ತೋಳನ್ನು ಒತ್ತಿಹಿಡಿದಿದ್ದರೂ ಹಾಗೆಯೇ ಆಗುವುದು. ಎಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಬೇಕು. ಬಳಿಕ ಪಂಪಿನಿಂದ ಹೊರಡುವ ಪೈಪನ್ನು ಕಳಚಿ, ಎಂಜಿನ್ನು ಹೊತ್ತದಂತೆ ಸ್ಟಾಪ್ ಎಳೆದು ಸ್ಟಾರ್ಟರ್ ತಿರುಗಿಸಿದಾಗ ಡೀಸೆಲು ಚಿಮ್ಮಿ ಚಿಮ್ಮಿ ಬಂದರೆ ಪಂಪು ಕುಶಲ; ಬರಿದೇ ಒಸರಿದರೆ ವಾಲ್ವೋ ಸ್ಪ್ರಿಂಗೋ ಡಯಾಫ್ರಾಮೋ ಸೋತಿದೆ. ಪಂಪಿನ ಕೆಳಗಣ ಸಣ್ಣ ತೂತಿನಿಂದ ಡೀಸೆಲು ತೊಟ್ಟಿಕ್ಕುವುದು ಪೊರೆ ಹರಿದುದರ ಗುರುತು. ಇದಕ್ಕಿಂತ ಭಯಾನಕವಾದುದು, ಹರಿದ ಪೊರೆಯಿಂದ ಡೀಸೆಲು ಎಂಜಿನ್ ಆಯಿಲಿಗೆ ಇಳಿಯುವುದು: ಗೇಜುಕಡ್ಡಿಯನ್ನು ಎಳೆದರೆ ಆಯಿಲು ಗೆರೆಗಿಂತ ಮೇಲೇರಿರುತ್ತದೆ, ಬೆರಳಿಗೆ ನೀರಾಗಿ ಹತ್ತುತ್ತದೆ, ಡೀಸೆಲಿನ ವಾಸನೆ ಹೊಡೆಯುತ್ತದೆ. ಆ ಸ್ಥಿತಿಯಲ್ಲಿ ಕಾರ್ಖಾನೆಯವರೆಗೆ ಮುಟ್ಟಿಸಿಬಿಡುವೆನೆಂದು ಹೊರಟರೆ ಬೇರಿಂಗುಗಳು ಸುಟ್ಟುಹೋಗುವುವು.

ಏರ್ ತೆಗೆಯಲೆಂದು ನಾಜಲ್ಲಿನ ಪೈಪು ಸಡಿಲಿಸಿದಾಗ ಅಲ್ಲಿಗೆ ಕೈಯೊಡ್ಡಬೇಡಿರಿ. ಅಲ್ಲಿಂದ ಭಾರಿ ಒತ್ತಡದಲ್ಲಿ ಚಿಮ್ಮುವ ಡೀಸೆಲು ಚರ್ಮವನ್ನು ಭೇದಿಸಿ ಒಳಹೊಗಬಲ್ಲುದು. ಹಂಗಾಮಿಗೆ ಮುನ್ನ ಫಿಲ್ಟರು ಬದಲಿಸಿ, ಟಾಕಿಯ ತಳದ ನೀರನ್ನೂ ಕೆಸರನ್ನೂ ಬಸಿದು, ನಿಮ್ಮ ಟ್ರ್ಯಾಕ್ಟರಿನ ಅಳತೆಯ ಡಯಾಫ್ರಾಮ್ ಒಂದನ್ನೂ ನಾಲ್ಕು ತಾಮ್ರದ ವಾಷರುಗಳನ್ನೂ ಗಾಡಿಯ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿರಿ.