ಹೆಣ್ಮಕ್ಕಳ ಚದುರಂಗ: ಕಟ್ಟೆಯ ಮಾತು, ಮಣೆಯ ಲೆಕ್ಕ

ಸಿಂಧನೂರಿನ ಚಹಾದಂಗಡಿ ಕಟ್ಟೆಯ ಮೇಲೆ ಚದುರಂಗದ ಪಂಡಿತರಿಗೇನೂ ಬರವಿಲ್ಲ. ಹೆಣ್ಣುಮಕ್ಕಳ ಪಂದ್ಯದ ಮಾತೆತ್ತಿ ನೋಡಿ, ತೀರ್ಪು ತಯಾರಿರುತ್ತದೆ.

“ಹೆಣ್ಮಕ್ಕಳ ಆಟ, ಅರ್ಧ ತಾಸ್ನಾಗ ಮುಗಿತದ.”

ಜಾರ್ಜಿಯಾದ ಬಟುಮಿಯಲ್ಲಿ 2025ರ ಜುಲೈನಲ್ಲಿ ನಡೆದ ಮಹಿಳಾ ವಿಶ್ವಕಪ್ ಫೈನಲ್ ಇದಕ್ಕೆ ಉತ್ತರ. ಮಣೆಯ ಎರಡೂ ಬದಿಗೆ ನಮ್ಮವರೇ: 38ರ ಕೊನೇರು ಹಂಪಿ, 19ರ ದಿವ್ಯಾ ದೇಶಮುಖ್. ಮೊದಲ 40 ನಡೆಗೆ ತಲಾ 90 ನಿಮಿಷ, ಪ್ರತಿ ನಡೆಗೂ 30 ಸೆಕೆಂಡ್ ಹೆಚ್ಚುವರಿ. ದೀರ್ಘ ಮಾದರಿಯ ಎರಡು ಆಟ ಆಡಿದರೂ ಇತ್ಯರ್ಥವಾಗಲಿಲ್ಲ. ಜುಲೈ 28ರಂದು ಕಡಿಮೆ ಸಮಯದ ರ‍್ಯಾಪಿಡ್‌ಗೆ ಇಳಿದರು. ಅದರ ಮೊದಲ ಆಟವೂ ಸಮ. ಎರಡನೆಯದರಲ್ಲಿ ಹಂಪಿಯ ಗಡಿಯಾರ ಬರಿದಾಗುತ್ತ ಬಂತು, ಕೈ ತಪ್ಪಿತು. ಕಪ್ಪು ಕಾಯಿ ಹಿಡಿದಿದ್ದ ದಿವ್ಯಾ ಗೆದ್ದರು.

“ಡ್ರಾ ಅಂದ್ರ ಒಳಗೊಳಗ ಮಾತಾಡ್ಕೊಂಡದ್ದು.”

ಅದೂ ಉಂಟು, ಇಲ್ಲವೆನ್ನಲಾರೆ. ಆದರೆ ಆ ಫೈನಲ್ಲಿನ ಮೊದಲ ಆಟದಲ್ಲಿ ದಿವ್ಯಾ ಮೇಲುಗೈ ಸಾಧಿಸಿದ್ದರು. ಹಂಪಿ ಹೆಣಗಾಡಿ ಸಮ ಮಾಡಿಕೊಂಡರು. ಸೋಲುವ ಆಟ ಉಳಿಸಿಕೊಳ್ಳುವುದು ಗೆಲ್ಲುವುದಕ್ಕಿಂತ ಕಷ್ಟ ಅಂತ ನನ್ನ ಅಂಬೋಣ.

“ಕಾಯಿ ಮುಟ್ಟಿ ವಾಪಸ್ ಇಟ್ರ ಏನಾತು?”

ಮನೆಯಲ್ಲಿ ಏನೂ ಆಗದು. ಟೂರ್ನಿಯಲ್ಲಿ ಬೇಕೆಂದು ಮುಟ್ಟಿದ ಕಾಯಿಯನ್ನು, ನಿಯಮದ ನಡೆ ಇದ್ದರೆ, ನಡೆಸಲೇಬೇಕು.

“ಹೆಣ್ಮಕ್ಕಳು ಗಂಡಸರ ಟೂರ್ನಿಯಾಗ ಆಡಂಗಿಲ್ಲ.”

ಈ ಜಗಳ 1976ರಲ್ಲೇ ಮುಗಿದಿದೆ. ಮುಂಬೈನ ರೋಹಿಣಿ ಖಾಡಿಲ್ಕರ್ 13ನೇ ವಯಸ್ಸಿಗೆ ಪುರುಷರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಆಡಿದರು. ಅದಕ್ಕೆ ಗಲಾಟೆ ಎದ್ದಿತು. ಹೆಣ್ಣೆಂಬ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಎಂದು ವಿಶ್ವ ಚದುರಂಗ ಸಂಸ್ಥೆ ಫಿಡೆಯ ಆಗಿನ ಅಧ್ಯಕ್ಷ ಮ್ಯಾಕ್ಸ್ ಯೂವೆ ತೀರ್ಪಿತ್ತರು. 2002ರಲ್ಲಿ ಹಂಗೇರಿಯ ಜೂಡಿತ್ ಪೋಲ್ಗಾರ್ ರ‍್ಯಾಪಿಡ್ ಆಟದಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನೇ ಮಣಿಸಿದರು.

“ಮಹಿಳಾ ಗ್ರ್ಯಾಂಡ್‌ಮಾಸ್ಟರ್, ಗ್ರ್ಯಾಂಡ್‌ಮಾಸ್ಟರ್ ಎರಡೂ ಒಂದೇ.”

ಅಲ್ಲ. ಮೊದಲನೆಯದಕ್ಕೆ ಸಾಮಾನ್ಯವಾಗಿ 2300 ರೇಟಿಂಗ್ ಸಾಕು, ಎರಡನೆಯದಕ್ಕೆ 2500 ಬೇಕು. ಆ ಎರಡನೆಯ ಪದವಿ ದಿವ್ಯಾಗೆ ಬಟುಮಿಯ ಗೆಲುವಿನಿಂದಲೇ ದಕ್ಕಿತು. ಹಾಗೆ ಆ ಪದವಿಗೇರಿದ ಭಾರತದ ಹೆಣ್ಣುಮಕ್ಕಳು ನಾಲ್ವರಾದರು. ಹಂಪಿ, ಹಾರಿಕಾ ಆಂಧ್ರದವರು, ವೈಶಾಲಿ ತಮಿಳುನಾಡಿನವರು, ದಿವ್ಯಾ ನಾಗಪುರದವರು. ಕರ್ನಾಟಕದ ಮನೆ ಅಂದಿಗೆ ಖಾಲಿಯೇ ಇತ್ತು.