ಗಾಯಕ್ಕೆ ಮೊದಲು ನೀರು, ಆಮೇಲೆ ಮದ್ದು

ಮುಳ್ಳುತಂತಿ ತಗುಲಿ ಸೀಳಿದ ಮೊಲೆತೊಟ್ಟು, ಹಗ್ಗ ಉಜ್ಜಿ ಹುಣ್ಣಾದ ಕುತ್ತಿಗೆ, ಕಲ್ಲು ಚುಚ್ಚಿದ ಗೊರಸು, ಗುದ್ದಾಟದಲ್ಲಿ ಮುರಿದ ಕೊಂಬು: ಕೊಟ್ಟಿಗೆಗೆ ಇವು ಹೊಸದಲ್ಲ. ಬೆಳಗ್ಗೆ ಹಾಲು ಕರೆಯಲು ಕೂರುವ ನಿಮ್ಮ ಕಣ್ಣಿಗೇ ಇವು ಮೊದಲು ಬೀಳುವುದು. ಸಣ್ಣ ಗಾಯವನ್ನು ಅಂದೇ ನೋಡಿಕೊಂಡರೆ ಹಿತ್ತಲ ಮದ್ದೇ ಸಾಕಾಗಬಹುದು. ಬಿಟ್ಟರೆ ಕೀವಾಗಿ, ಹುಳು ಬಿದ್ದು, ಆಂಟಿಬಯೋಟಿಕ್ ಚುಚ್ಚುಮದ್ದಿನವರೆಗೆ ಹೋಗುತ್ತದೆ. ಆಗ ವೈದ್ಯರು ಹೇಳಿದಷ್ಟು ದಿನ ಆ ಹಸುವಿನ ಹಾಲನ್ನು ಸಂಘಕ್ಕೆ ಹಾಕುವಂತಿಲ್ಲ.

ಶುದ್ಧಿ ಮೊದಲು

ಆಯುರ್ವೇದದ ಹಳೆಯ ಗ್ರಂಥವಾದ ಸುಶ್ರುತ ಸಂಹಿತೆ ಗಾಯಕ್ಕೆ 60 ಬಗೆಯ ಉಪಚಾರ ಹೇಳುತ್ತದೆ. ಅದರಲ್ಲಿ ಒಂದು ಕ್ರಮವಿದೆ. ಗಾಯವನ್ನು ಶುದ್ಧ ಮಾಡುವ ‘ಶೋಧನ’ ಮೊದಲು, ಮಾಯಿಸುವ ‘ರೋಪಣ’ ಆಮೇಲೆ. ಕಲೆಯ ಬಣ್ಣ ತಿದ್ದುವುದು, ಉದುರಿದ ಕೂದಲು ಬರಿಸುವುದು ಇವೆಲ್ಲ ಕೊನೆಗೆ.

ನಮ್ಮಲ್ಲಿ ಹಲವರು ತಪ್ಪುವುದು ಇಲ್ಲೇ. ಮಣ್ಣು, ಕೀವು ಒಳಗಿರುವಾಗಲೇ ಅರಿಶಿನ ಮೆತ್ತಿದರೆ ಮೇಲೆ ಒಣಗಿದಂತೆ ಕಂಡು ಒಳಗೆ ಕೊಳೆಯುತ್ತದೆ. ಕಾಯಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿ ಗಾಯವನ್ನು ಚೆನ್ನಾಗಿ ತೊಳೆಯಿರಿ. ಬೇವಿನ ಎಲೆ ಕುದಿಸಿದ ನೀರೂ ಆಗುತ್ತದೆ. ಶುಭ್ರ ಬಟ್ಟೆಯಿಂದ ಒತ್ತಿ ಒರೆಸಿ, ಆಮೇಲೆ ಮದ್ದು ಹಚ್ಚಿ.

ಸಗಣಿ, ಬೂದಿ, ಮಣ್ಣು ಹಚ್ಚಲೇಬೇಡಿ. ಧನುರ್ವಾಯು ತರುವ ರೋಗಾಣು ಇರುವುದೇ ಮಣ್ಣು, ಸಗಣಿಯಲ್ಲಿ. ಬರೆ ಹಾಕುವುದೂ ಬೇಡ. ಅದು ಗಾಯದ ಮೇಲೆ ಇನ್ನೊಂದು ಗಾಯ, ಕಲೆಯೂ ಶಾಶ್ವತ.

ಗಾಯದ ಎಣ್ಣೆ ಮಾಡುವ ವಿಧಾನ

ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಹೈನುಗಾರರಿಗೆ ತಿಳಿಸಿಕೊಡುತ್ತಿರುವ ಮದ್ದು ಇದು.

• ಕುಪ್ಪಿ ಗಿಡದ ಎಲೆ, ಬೇವಿನ ಎಲೆ, ತುಳಸಿ, ಮೆಹೆಂದಿ ಎಲೆ: ತಲಾ ಒಂದು ಹಿಡಿ
• ಬೆಳ್ಳುಳ್ಳಿ: 10 ಎಸಳು
• ಅರಿಶಿನ ಪುಡಿ: 20 ಗ್ರಾಂ
• ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ: ಅರ್ಧ ಲೀಟರ್

ಎಲ್ಲವನ್ನೂ ನುಣ್ಣಗೆ ಅರೆದು ಎಣ್ಣೆಯಲ್ಲಿ ಕುದಿಸಿ ಆರಿಸಿ. ತೊಳೆದ ಗಾಯಕ್ಕೆ ನೇರವಾಗಿ ಹಚ್ಚಿ, ಇಲ್ಲವೇ ಶುಭ್ರ ಬಟ್ಟೆಯನ್ನು ಅದರಲ್ಲಿ ಅದ್ದಿ ಕಟ್ಟಿ. ಹುಳು ಬಿದ್ದಿದ್ದರೆ ಮೊದಲ ದಿನ ಮಾತ್ರ ಸೀತಾಫಲದ ಎಲೆ ಅರೆದು ಹಚ್ಚಿ, ಅಥವಾ ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆ ಬಿಡಿ. ಹುಳು ಹೊರಬಿದ್ದ ಮೇಲೆ ಗಾಯದ ಎಣ್ಣೆ.

ಕೆಚ್ಚಲಿಗೆ ಹಚ್ಚುವುದಾದರೆ ಹಾಲು ಕರೆದ ನಂತರವೇ ಹಚ್ಚಿ. ಮುಂದಿನ ಬಾರಿ ಕರೆಯುವ ಮುನ್ನ ತೊಳೆದು ಒರೆಸಿ. ಹಾಲಿಗೆ ವಾಸನೆ ಹತ್ತಬಾರದು.

ಮೂಳೆ ಮುರಿದರೆ

ಮುರಿದ ಮೂಳೆಗೆ ಆಲ, ಅರಳಿ, ಅತ್ತಿ ಮರದ ತೊಗಟೆ ಅಥವಾ ಬಿದಿರಿನ ದಬ್ಬೆ ಇಟ್ಟು ಕಟ್ಟಬೇಕು ಎಂದು ಸುಶ್ರುತ ಹೇಳಿದ್ದಾನೆ. ಕಟ್ಟು ಸಡಿಲವಾದರೆ ಮೂಳೆ ನಿಲ್ಲದು. ಬಿಗಿಯಾದರೆ ಊತ, ನೋವು, ಕೀವು. ಚಳಿಗಾಲದಲ್ಲಿ 7 ದಿನಕ್ಕೊಮ್ಮೆ, ಬಿಸಿಲುಗಾಲದಲ್ಲಿ 3 ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕು. ಮೂಳೆ ಕೂಡಲು ಎಳೆ ವಯಸ್ಸಿನಲ್ಲಿ 1 ತಿಂಗಳು, ನಡುವಯಸ್ಸಿನಲ್ಲಿ 2, ಮುಪ್ಪಿನಲ್ಲಿ 3 ತಿಂಗಳು ಎಂಬ ಲೆಕ್ಕವೂ ಇದೆ. ಇವೆಲ್ಲ ಮನುಷ್ಯರಿಗೆ ಹೇಳಿದ್ದು. ಅಂಥ ರೋಗಿಗೆ ಚೊಚ್ಚಲು ಹಸುವಿನ ಹಾಲು, ತುಪ್ಪ ಕೊಡಲು ಹೇಳಿರುವುದು ನಮಗೆ ಹೆಮ್ಮೆಯ ಮಾತು.

ಕರುವಿನ ಕಾಲು ಮುರಿದರೆ ನಿಮ್ಮ ಕೆಲಸ ಇಷ್ಟೇ: ಅದನ್ನು ಓಡಾಡಲು ಬಿಡಬೇಡಿ. ಹತ್ತಿ ಅಥವಾ ಮೆತ್ತನೆ ಬಟ್ಟೆ ಸುತ್ತಿ, ಬಿದಿರಿನ ದಬ್ಬೆ ಇಟ್ಟು, ಮುರಿತದ ಮೇಲಿನ ಮತ್ತು ಕೆಳಗಿನ ಕೀಲೂ ಅಲುಗಾಡದಂತೆ ಕಟ್ಟಿ ಪಶುವೈದ್ಯರನ್ನು ಕರೆಯಿರಿ. ಮೂಳೆ ಹೊರಗೆ ಕಂಡರೆ ಒಳಗೆ ತಳ್ಳಬೇಡಿ, ಎಳೆದು ಕೂರಿಸಲೂ ಹೋಗಬೇಡಿ. ಶುಭ್ರ ಬಟ್ಟೆ ಮುಚ್ಚಿ ಕಾಯಿರಿ. ಮಂಗರವಳ್ಳಿಯನ್ನು ಮೂಳೆ ಕೂಡಿಸುವ ಬಳ್ಳಿ ಎನ್ನುತ್ತಾರೆ. ಅದು ಕಟ್ಟಿಗೆ ಬದಲಿಯಲ್ಲ. ಹಸಿಯಾಗಿ ತಿನ್ನಿಸಿದರೆ ಬಾಯಿ ತುರಿಸುತ್ತದೆ.

ಹಿತ್ತಲ ಮದ್ದಿಗೆ ಕಾಯಬಾರದ ಹೊತ್ತು

• ರಕ್ತ ನಿಲ್ಲದಿದ್ದಾಗ: ಬಟ್ಟೆ ಒತ್ತಿ ಹಿಡಿದು ವೈದ್ಯರನ್ನು ಕರೆಸಿ.
• ಮೊಲೆತೊಟ್ಟು ಸೀಳಿ ಗಾಯದಿಂದ ಹಾಲು ಸೋರುವಾಗ.
• ಜ್ವರ, ಮೇವು ಬಿಡುವುದು, ಗಾಯದಿಂದ ದುರ್ವಾಸನೆ ಇದ್ದಾಗ.
• ನಾಯಿ ಕಚ್ಚಿದಾಗ: ಕೈಗವಸು ಹಾಕಿ, ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ರೇಬೀಸ್ ಲಸಿಕೆ ಹಾಕಿಸಿ.

ನಮ್ಮ ರಾಜ್ಯದಲ್ಲಿ ಪಶು ಆಂಬ್ಯುಲೆನ್ಸ್‌ಗೆ 1962ಕ್ಕೆ ಕರೆ ಮಾಡಬಹುದು.

ಹುಲ್ಲು ಕೊಯ್ಯುವಾಗ ಕುಡುಗೋಲು ನಿಮ್ಮ ಕೈಗೇ ತಗುಲಿದರೂ ಇದೇ ಕ್ರಮ: ಮೊದಲು ತೊಳೆಯಿರಿ, ಆರೋಗ್ಯ ಕೇಂದ್ರಕ್ಕೆ ಹೋಗಿ ಧನುರ್ವಾಯು ಲಸಿಕೆ ಬೇಕೇ ಎಂದು ಕೇಳಿ. ಹಸುವಿನ ಗಾಯ ಮುಟ್ಟುವ ಕೈಯಲ್ಲಿ ತೆರೆದ ಗಾಯ ಇರಬಾರದು.

ಮಳೆಗಾಲದಲ್ಲಿ ನೊಣ ಹೆಚ್ಚು. ಹುಳು ಬೀಳುವುದೂ ಆಗಲೇ. ಅದಕ್ಕೆ ಮುಂಚೆ ಕೊಟ್ಟಿಗೆಯ ಮೊಳೆ, ಮುಳ್ಳುತಂತಿ ತೆಗೆಸಿ. ಹಿತ್ತಲಲ್ಲಿ ತುಳಸಿ, ಮೆಹೆಂದಿ ನೆಡಿ.